ಕೈ ಜೋಮು: ಆಪರೇಷನ್ ಯಾವಾಗ?

ಬೀಡಿ ಕಟ್ಟುವ, ಬಟ್ಟೆ ಹೊಲಿಯುವ ಸದಸ್ಯೆಯರು ಸಭೆಯಲ್ಲಿ ಕೈ ಕೊಡವುತ್ತಾ ಕೂರುವುದನ್ನು ನಾವು ನೋಡುತ್ತೇವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತದೆಯೇ? ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. (ಕಿರುಬೆರಳಿಗೆ ಮಾತ್ರ ಜೋಮಾದರೆ ಅದು ಬೇರೆ ನರ.) ಮೊದಲು ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಕಟ್ಟಿ ಆರು ವಾರ ನೋಡಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಪರೀಕ್ಷೆಯೂ ಆಗಲಿ.

ಆದರೆ ಹಗಲೂ ಜೋಮು ಬಿಡದಿದ್ದರೆ, ರವಿಕೆಯ ಗುಂಡಿ ಹಾಕಲು ಆಗದಿದ್ದರೆ, ಹೆಬ್ಬೆರಳ ಬುಡದ ಮಾಂಸ ಇಳಿದಿದ್ದರೆ 'ಮಗಳ ಮದುವೆ ಮುಗಿಯಲಿ' ಅನ್ನಬೇಡಿ. ಬತ್ತಿದ ಮಾಂಸ ಆಪರೇಷನ್ ಆದರೂ ಪೂರ್ತಿ ತುಂಬದೇ ಹೋಗಬಹುದು.

ಹೆಚ್ಚಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಅಂದಿನಿಂದಲೇ ಬೆರಳು ಮಡಚಿ ಬಿಡಿಸಿ. ಹೊಲಿಗೆ ತೆಗೆಯುವುದು 10–14 ದಿನಕ್ಕೆ. ಹಿಡಿತದ ಬಲ ಬರಲು 2–3 ತಿಂಗಳಾದರೂ ಬೇಕು. ಅಷ್ಟು ದಿನ ಕೊಡಪಾನವನ್ನು ಗಂಡಸರೇ ಎತ್ತಲಿ, ಅವರ ಕೈಯೇನೂ ಸವೆಯದು! ಸಾಲದ ಕಂತಿನ ವಿಷಯ ಮಾತ್ರ ಆಪರೇಷನ್‌ಗೆ ಮೊದಲೇ ಸಂಘದಲ್ಲಿ ಮಾತಾಡಿಕೊಳ್ಳಿ.