ಮಾತು ಬೇಕಾದವರು, ಮೌನ ಬೇಕಾದವರು

ಮನಸ್ಸು ಕುದಿಯುವಾಗ ಕೆಲವರಿಗೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು. ಕೆಲವರಿಗೆ ಬಾಗಿಲು ಹಾಕಿಕೊಂಡು ಒಂದಷ್ಟು ಹೊತ್ತು ಒಬ್ಬರೇ ಕೂರಬೇಕು. ಇಬ್ಬರೂ ಹುಡುಕುತ್ತಿರುವುದು ಸಮಾಧಾನವನ್ನೇ. ಇಂಥ ಇಬ್ಬರು ಗಂಡ ಹೆಂಡತಿಯಾದಾಗ ಕಷ್ಟ ಶುರು. ಒಬ್ಬರು ಮಾತಿಗೆ ಎಳೆದಷ್ಟೂ ಇನ್ನೊಬ್ಬರು ಬಾಯಿ ಮುಚ್ಚುತ್ತಾರೆ. ಮೌನ ತಿರಸ್ಕಾರದಂತೆ ಕಾಣುತ್ತದೆ, ಒತ್ತಾಯ ದಾಳಿಯಂತೆ.

ಮೌನ ಬೇಕಾದವರೇ, ದಯವಿಟ್ಟು ಎದ್ದುಹೋಗುವ ಮುನ್ನ ಒಂದು ಮಾತು ಹೇಳಿ ಹೋಗಿ: "ಈಗ ತಲೆ ಬಿಸಿಯಾಗಿದೆ, ಅರ್ಧ ಗಂಟೆ ಬಿಟ್ಟು ಮಾತಾಡೋಣ." ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್ ಕೂಡ ಕನಿಷ್ಠ 20 ನಿಮಿಷದ ಬಿಡುವು ಬೇಕೆನ್ನುತ್ತಾರೆ, ಏರಿದ ಎದೆಬಡಿತ ಇಳಿಯಬೇಕಲ್ಲ. ಆದರೆ ಹೇಳಿದ ಹೊತ್ತಿಗೆ ಮರಳಿ ಬರಲೇಬೇಕು. ಮುಂದಿನ ವಾದ ಹೊಸೆಯುತ್ತ ಕೂತರೆ ಅದು ಬಿಡುವಲ್ಲ. ನಾಲ್ಕು ಹೆಜ್ಜೆ ನಡೆಯಿರಿ, ಪಾತ್ರೆ ತೊಳೆಯಿರಿ, ಉಸಿರನ್ನು ನಿಧಾನವಾಗಿ ಹೊರಬಿಡಿ.

ಎಲ್ಲವನ್ನೂ ಒಳಗೇ ನುಂಗಿಕೊಳ್ಳುವುದನ್ನು, ಅದರಲ್ಲೂ ಗಂಡಸರಲ್ಲಿ, ನಮ್ಮವರು ಗಟ್ಟಿತನ ಎಂದು ಹೊಗಳುತ್ತಾರೆ. ನಾನು ಒಪ್ಪುವುದಿಲ್ಲ; ಸಂಕಟದಲ್ಲಿ ಜೊತೆಗೊಬ್ಬರಿದ್ದರೆ ಭಾರ ಇಳಿಯುತ್ತದೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಕೋನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ವಿವಾಹಿತೆಯರಿಗೆ ಸಣ್ಣ ವಿದ್ಯುತ್ ಆಘಾತದ ಸೂಚನೆ ಕೊಟ್ಟು ಮಿದುಳಿನ ಸ್ಕ್ಯಾನ್ ತೆಗೆದರು. ಗಂಡನ ಕೈ ಹಿಡಿದಾಗ ಭಯದ ಪ್ರತಿಕ್ರಿಯೆ ತಗ್ಗಿತ್ತು; ದಾಂಪತ್ಯ ಚೆನ್ನಾಗಿದ್ದವರಲ್ಲಿ ಇನ್ನೂ ಹೆಚ್ಚು. ಅಪರಿಚಿತರ ಕೈ ಹಿಡಿದಾಗಲೂ ಸ್ವಲ್ಪ ಇಳಿದಿತ್ತು.

ಹಾಗೆಂದು ಪ್ರತಿ ಸಂಕಟವನ್ನೂ ಮನೆಯ ಒಬ್ಬರ ಮೇಲೇ ಹೇರಬೇಡಿ, ಅವರೂ ಬಳಲುತ್ತಾರೆ. ಅಕ್ಕನಿದ್ದಾಳೆ, ಹಳೆಯ ಗೆಳೆಯನಿದ್ದಾನೆ. ಯಾರೂ ಸಿಗದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.