ಚಳಿಗಾಲದಲ್ಲಿ ಕೋಳಿಗೂಡಿನ ತೇವವೂ ಗಾಳಿಯ ಸಂಚಾರವೂ

ಮಾರ್ಗಶಿರ ಪುಷ್ಯ ಮಾಸಗಳು ಬಂದೊಡನೆ ಕೋಳಿಗೂಡಿನ ಸಂದುಗಳನ್ನೆಲ್ಲಾ ಗೋಣಿತಾಟಿನಿಂದಲೂ ಹುಲ್ಲಿನಿಂದಲೂ ಮುಚ್ಚಿಬಿಡುವುದು ಅನೇಕ ಗ್ರಾಮಗಳಲ್ಲಿ ವಾಡಿಕೆಯಾಗಿದೆ. ಕೋಳಿಗಳಿಗೆ ಚಳಿ ತಗಲಬಾರದೆಂಬ ಸದುದ್ದೇಶದಿಂದಲೇ ಹೀಗೆ ಮಾಡುವರು. ಆದರೆ ಕೆಲವು ವಾರಗಳೊಳಗಾಗಿ ಮೂಗು ಸೋರುವುದು, ಗೊರಗೊರನೆ ಉಸಿರಾಡುವುದು, ಕಣ್ಣು ಊದಿಕೊಳ್ಳುವುದು ಮೊದಲಾದ ಚಿಹ್ನೆಗಳು ತೋರಿ, ಹಿಂಡಿನಲ್ಲಿ ಒಂದೊಂದಾಗಿ ಕೋಳಿಗಳು ನಷ್ಟವಾಗುವುವು. ಈ ನಷ್ಟಕ್ಕೆ ಚಳಿಯನ್ನೇ ದೂರುವುದು ನ್ಯಾಯವಲ್ಲ. ಬೆಳೆದ ಕೋಳಿಯು ಒಣಗಿದ ಗೂಡಿನಲ್ಲಿ ಚಳಿಯನ್ನು ತಾಳಬಲ್ಲುದು. ತೇವವೂ ಕೆಟ್ಟ ಗಾಳಿಯೂ ತುಂಬಿದ ಗೂಡನ್ನು ತಾಳಲಾರದು.

1. ಚಳಿಯ ಪ್ರಮಾಣ

ಕೋಳಿಯ ದೇಹದ ಉಷ್ಣವು ಸುಮಾರು 41 ಸೆಂಟಿಗ್ರೇಡು ಡಿಗ್ರಿ. ಅದು ಗರಿಗಳನ್ನು ಉಬ್ಬಿಸಿ, ಅವುಗಳ ನಡುವೆ ಗಾಳಿಯನ್ನು ಹಿಡಿದಿಟ್ಟು, ತನ್ನ ಉಷ್ಣವನ್ನು ತಾನೇ ಕಾಪಾಡಿಕೊಳ್ಳುವುದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಮೆ ಉಷ್ಣವೇ 7.8 ಡಿಗ್ರಿ, ಅದು 1884ನೆಯ ಇಸವಿ ಜನವರಿಯದು. ಇಷ್ಟು ಚಳಿಯಿಂದ ಒಣ ಗರಿಯ ಕೋಳಿಗೆ ಅಪಾಯವಿಲ್ಲ. ಗರಿಗಳು ತೇವವಾದರೆ ಮಾತ್ರ ಈ ರಕ್ಷಣೆಯು ತಪ್ಪಿಹೋಗುವುದು. ಚಳಿಗಾಲದಲ್ಲಿ ಮೊಟ್ಟೆ ಕಡಮೆಯಾಗುವುದಕ್ಕೂ ಮುಖ್ಯ ಕಾರಣವು ಚಳಿಯಲ್ಲ. ಹಗಲು ಕುಗ್ಗಿ ಬೆಳಕು ಕಡಮೆಯಾಗುವುದೇ ಕಾರಣ. ಗೂಡನ್ನು ಮುಚ್ಚುವುದರಿಂದ ಮೊಟ್ಟೆಯು ಹೆಚ್ಚುವುದಿಲ್ಲ.

2. ತೇವವು ಬರುವ ಬಗೆ

ಮೊಟ್ಟೆಯಿಡುವ ಕೋಳಿಯೊಂದು ದಿನಕ್ಕೆ ಸುಮಾರು 200 ರಿಂದ 250 ಮಿಲಿಲೀಟರು ನೀರನ್ನು ಕುಡಿಯುವುದು. 12 ಕೋಳಿಗಳಿಗೆ ಇದು ಎರಡೂವರೆಯಿಂದ ಮೂರು ಲೀಟರು. ಮೊಟ್ಟೆಗೆ ಸೇರುವ ಅಲ್ಪ ಭಾಗವನ್ನು ಬಿಟ್ಟರೆ ಉಳಿದ ನೀರೆಲ್ಲವೂ ಉಸಿರಿನ ಮೂಲಕವೂ ಹಿಕ್ಕೆಯ ಮೂಲಕವೂ ಹೊರಬೀಳುವುದು. ಹಸಿ ಹಿಕ್ಕೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರೇ ಇರುವುದು. ಚಳಿಗಾಲದ ದೀರ್ಘ ರಾತ್ರಿಯಲ್ಲಿ ಕೋಳಿಗಳು ಹನ್ನೆರಡು ಗಂಟೆಗೂ ಹೆಚ್ಚು ಕಾಲ ಗೂಡಿನೊಳಗಿರುವುದರಿಂದ ಈ ನೀರಿನ ದೊಡ್ಡ ಪಾಲು ಅಲ್ಲಿಯೇ ಉಳಿಯುವುದು. ಬೆಚ್ಚಗಿನ ಒದ್ದೆ ಗಾಳಿಯು ಮೇಲಕ್ಕೇರಿ, ಹೊರಗೆ ಹೋಗಲು ದಾರಿಯಿಲ್ಲದೆ, ತಣ್ಣನೆಯ ಮಾಡಿಗೆ ತಗುಲಿ ಹನಿಯಾಗಿ ಕೋಳಿಗಳ ಮೇಲೆಯೇ ತೊಟ್ಟಿಕ್ಕುವುದು.

3. ತೇವದಿಂದಾಗುವ ಕೇಡು

ಒದ್ದೆಯಾದ ಹಾಸಿನಲ್ಲಿ ಸೂಕ್ಷ್ಮಜೀವಿಗಳು ಹಿಕ್ಕೆಯನ್ನು ಕೊಳೆಯಿಸಿ ಅಮೋನಿಯಾ ಎಂಬ ಘಾಟು ವಾಯುವನ್ನು ಹುಟ್ಟಿಸುವುವು. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ವಾಯುವು 25 ಭಾಗವನ್ನು ಮೀರಬಾರದು. ಮೀರಿದರೆ ಕಣ್ಣಿಗೂ ಶ್ವಾಸನಾಳದ ಒಳಪೊರೆಗೂ ಕೇಡಾಗಿ, ನೆಗಡಿ ಮೊದಲಾದ ಉಸಿರಾಟದ ರೋಗಗಳು ಸುಲಭವಾಗಿ ಹಿಡಿಯುವುವು. ರಕ್ತಭೇದಿಯ ರೋಗಾಣುಗಳು ಒದ್ದೆ ಹಾಸಿನಲ್ಲಿಯೇ ಬಲಿಯುವುವು. ಬೂಷ್ಟು ಹಿಡಿದ ಹುಲ್ಲಿನ ಧೂಳು ಶ್ವಾಸಕೋಶಕ್ಕೆ ಸೇರಿ ಮರಿಗಳನ್ನು ಕೊಲ್ಲುವುದು. ಆದರೆ ಕೊಕ್ಕರೆ ರೋಗವು ಅಂಟುಜಾಡ್ಯವಾದ್ದರಿಂದ ಗೂಡು ಎಷ್ಟೇ ಚೊಕ್ಕಟವಾಗಿದ್ದರೂ ಅದಕ್ಕೆ ಲಸಿಕೆಯನ್ನು ಹಾಕಿಸಲೇಬೇಕು.

4. ಗಾಳಿಕಂಡಿಗಳು

ಗಾಳಿಯ ಸಂಚಾರವು ಬೇರೆ, ಮೈಮೇಲೆ ಬೀಸುವ ಗಾಳಿಯು ಬೇರೆ. ಮೊದಲನೆಯದು ಅವಶ್ಯವಾದುದು, ಎರಡನೆಯದನ್ನು ತಡೆಯತಕ್ಕದ್ದು. ಹಗಲಿನಲ್ಲಿ ಹೊರಗೆ ಮೇಯುವ 12 ಕೋಳಿಗಳಿಗೆ 6 ಅಡಿ ಉದ್ದ 4 ಅಡಿ ಅಗಲದ ಗೂಡು ಸಾಕು. ಗೋಡೆಯು ಹಿಂದೆ 5 ಅಡಿ, ಮುಂದೆ 6 ಅಡಿ ಎತ್ತರವಿರಲಿ. ಕೋಳಿಗಳು ಕೂರುವ ಅಡ್ಡಗೋಲು ನೆಲದಿಂದ ಒಂದೂವರೆ ಅಡಿ ಮೇಲಿರಬೇಕು. ಕೋಳಿಯೊಂದಕ್ಕೆ 9 ಅಂಗುಲ ಸ್ಥಳ ಬೇಕು. ಉದ್ದನೆಯ ಎರಡು ಗೋಡೆಗಳಲ್ಲಿಯೂ ಸೂರಿನ ಕೆಳಗೆ 6 ಅಂಗುಲ ಎತ್ತರದ ಕಂಡಿಯನ್ನು ಬಿಟ್ಟು, ಮುಂಗುಸಿ, ಕಾಡುಬೆಕ್ಕು, ಹೆಗ್ಗಣಗಳು ನುಗ್ಗದಂತೆ ಅರ್ಧ ಅಂಗುಲ ಕಣ್ಣಿನ ತಂತಿಬಲೆಯನ್ನು ಹೊಡೆಯಬೇಕು. ಈ ಕಂಡಿಯು ಕುಳಿತ ಕೋಳಿಯ ತಲೆಗಿಂತ ಒಂದು ಅಡಿಯಾದರೂ ಮೇಲಿರತಕ್ಕದ್ದು. ಆಗ ಒದ್ದೆ ಗಾಳಿಯು ಮೇಲಿನಿಂದ ಹೊರಹೋಗುವುದು; ಕೋಳಿಗಳಿಗೆ ನೇರವಾಗಿ ಗಾಳಿ ಬೀಸುವುದಿಲ್ಲ. ಮೂಡಣ ಗಾಳಿಯು ಜೋರಾಗಿರುವ ಕಡೆಗಳಲ್ಲಿ ಆ ದಿಕ್ಕಿನ ಗೋಡೆಯ ಕೆಳಭಾಗದ ಬಿರುಕುಗಳನ್ನು ಮಣ್ಣಿನಿಂದ ಮೆತ್ತಬಹುದು. ಮೇಲಿನ ಕಂಡಿಯನ್ನು ಮಾತ್ರ ಯಾವ ಕಾಲಕ್ಕೂ ಮುಚ್ಚಬಾರದು. ತಗಡಿನ ಮಾಡಿದ್ದರೆ ಅದರ ಮೇಲೆ ದಪ್ಪವಾಗಿ ಹುಲ್ಲನ್ನಾಗಲಿ ತೆಂಗಿನ ಗರಿಯನ್ನಾಗಲಿ ಹೊದಿಸಿದರೆ ಹನಿಯುವುದು ಕಡಮೆಯಾಗುವುದು. ಮಂಕರಿಯಲ್ಲಿ ಕವುಚುವವರು ಗಾಳಿ ಬೀಸುವ ಒಂದು ಪಕ್ಕಕ್ಕೆ ಮಾತ್ರ ಗೋಣಿಯನ್ನು ಹೊದಿಸಲಿ.

5. ನೆಲಹಾಸು

ಬತ್ತದ ಹೊಟ್ಟು, ಕಡಲೇಕಾಯಿ ಸಿಪ್ಪೆ ಅಥವಾ ಮರದ ಹೊಟ್ಟನ್ನು 4 ರಿಂದ 6 ಅಂಗುಲ ದಪ್ಪ ಹರಡಿ, ವಾರಕ್ಕೆರಡು ಸಾರಿ ಕೆದಕಬೇಕು. ಹಾಸನ್ನು ಒಂದು ಹಿಡಿ ತೆಗೆದು ಅದುಮಿ ಬಿಟ್ಟಾಗ ಉದುರಿಹೋದರೆ ಸರಿ. ಉಂಡೆಯಾಗಿಯೇ ನಿಂತರೆ ತೇವವು ಹೆಚ್ಚಿದೆ. ಒದ್ದೆಯಾದುದನ್ನು ಕೂಡಲೇ ತೆಗೆದು ತಿಪ್ಪೆಗೆ ಹಾಕಿ ಹೊಸದನ್ನು ತುಂಬತಕ್ಕದ್ದು. ಒದ್ದೆ ಹಾಸಿನ ಮೇಲೆ ಸುಣ್ಣವನ್ನಾಗಲಿ ಬೂದಿಯನ್ನಾಗಲಿ ಎರಚಿದರೆ ಅಮೋನಿಯಾ ವಾಯುವು ಇನ್ನೂ ಹೆಚ್ಚಾಗಿ ಏಳುವುದು; ಸುಣ್ಣವನ್ನು ಗೂಡು ಬರಿದಾಗಿರುವಾಗ ನೆಲಕ್ಕೂ ಗೋಡೆಗೂ ಬಳಿಯಬೇಕು. ನೀರಿನ ಪಾತ್ರೆಯನ್ನು ರಾತ್ರಿಯಲ್ಲಿ ಹೊರಗಿಡುವುದು ಮೇಲು. ಬೆಳಿಗ್ಗೆ ಕೋಳಿಗಳನ್ನು ಬಿಟ್ಟೊಡನೆ ನೀರು ಸಿಕ್ಕುವಂತಿರಬೇಕು.

6. ಬೆಳಗಿನ ಪರೀಕ್ಷೆ

ಸೂರ್ಯೋದಯಕ್ಕೆ ಮುಂಚೆ ಬಾಗಿಲನ್ನು ತೆರೆದು ಕೋಳಿಗಳ ಎತ್ತರಕ್ಕೆ ಬಗ್ಗಿ ಉಸಿರೆಳೆಯಬೇಕು. ಘಾಟು ಮೂಗಿಗೆ ಹೊಡೆದರೆ ಅಥವಾ ಮಾಡಿನ ಒಳಮೈಯಲ್ಲಿ ಹನಿಗಳು ಕಂಡರೆ ಕಂಡಿಯು ಸಾಲದೆಂದು ತಿಳಿಯತಕ್ಕದ್ದು. ದಿನವೂ ಗೂಡಿಗೆ ಹೋಗುವವರ ಮೂಗು ಘಾಟಿಗೆ ಒಗ್ಗಿಹೋಗುವುದರಿಂದ ಆಗಾಗ್ಗೆ ಬೇರೊಬ್ಬರಿಂದ ಪರೀಕ್ಷೆ ಮಾಡಿಸುವುದು ಒಳ್ಳೆಯದು.

7. ಮರಿಗಳ ವಿಷಯ

ಮೇಲೆ ಹೇಳಿದುದು ಬೆಳೆದ ಕೋಳಿಗಳಿಗೆ ಮಾತ್ರ. ತಾಯಿಯಿಲ್ಲದ ಮರಿಗಳಿಗೆ ಮೊದಲನೆಯ ವಾರ ಸುಮಾರು 35 ಡಿಗ್ರಿ ಉಷ್ಣವು ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಕಡಮೆ ಮಾಡಬಹುದು. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಎಂದಿಗೂ ಇಡಬಾರದು. ಕೆಂಡದಿಂದ ಏಳುವ ವಾಸನೆಯಿಲ್ಲದ ವಿಷವಾಯುವು ಮರಿಗಳನ್ನಲ್ಲದೆ ಅಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲಬಲ್ಲುದು.

ಈ ಸುಧಾರಣೆಗೆ ಸ್ವಲ್ಪ ತಂತಿಬಲೆಯೂ ಒಂದು ದಿನದ ಕೆಲಸವೂ ಸಾಕು. ಗ್ರಾಮದ ಮುಖಂಡರು ಮೊದಲು ತಮ್ಮ ಗೂಡಿನಲ್ಲಿ ಇದನ್ನು ಮಾಡಿ ತೋರಿಸಿದರೆ ಉಳಿದವರು ಕಣ್ಣಾರೆ ಕಂಡು ಅನುಸರಿಸುವರು. ಕೋಳಿಯ ಆದಾಯವು ಬಹುಮಟ್ಟಿಗೆ ಮನೆಯ ಹೆಂಗಸರ ಕೈಗೆ ಸೇರುವಂಥದು, ಅದನ್ನು ಉಳಿಸಿಕೊಟ್ಟಂತಾಗುವುದು.