ಗಂಟು ಅಂಟುವುದಿಲ್ಲ

ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬದಲ್ಲಿ, ಮೈತುಂಬ ಮೆತ್ತನೆಯ ಗಂಟುಗಳಿರುವ ಒಬ್ಬರು ನಿಮ್ಮ ಪಕ್ಕಕ್ಕೆ ಬಂದು ನಿಂತರೆ ಏನು ಮಾಡುವಿರಿ? ಅಂಟುರೋಗವೆಂದು ಹೆದರಿ ಮಕ್ಕಳನ್ನು ಕರೆದುಕೊಂಡು ದೂರ ಸರಿಯುವಿರಾ?

ವಿದ್ಯುತ್ ತಂತಿಗೆ ಇರುವಂತೆ ನಮ್ಮ ನರಗಳಿಗೂ ಹೊದಿಕೆಯಿದೆ. ಆ ಹೊದಿಕೆಯ ಜೀವಕೋಶಗಳಿಗೆ ಅವನ್ನು ಗುರುತಿಸಿದ ಥಿಯೊಡೋರ್ ಶ್ವಾನ್ ಅವರ ಹೆಸರಿದೆ. ಈ ವಿಜ್ಞಾನಿ ಬೆಲ್ಜಿಯಂನ ಲೂವೆನ್ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಬೋಧಿಸಿದವರು. ಈ ಕೋಶಗಳು ಮಿತಿಮೀರಿ ಬೆಳೆದರೆ ಗಂಟಾಗುತ್ತದೆ. ನರದ ಒಂದು ಬದಿಗೆ ಬೆಳೆಯುವ ಗಂಟು ಶ್ವಾನೋಮ. ನರವನ್ನು ಉಳಿಸಿ ಅದನ್ನು ತೆಗೆಯುವುದು ಹೆಚ್ಚಾಗಿ ಸಾಧ್ಯ. ನರದ ಎಳೆಗಳೊಂದಿಗೆ ಹೆಣೆದುಕೊಂಡಿರುವುದು ನ್ಯೂರೋಫೈಬ್ರೋಮ. ಇವೆರಡೂ ಕ್ಯಾನ್ಸರ್ ಅಲ್ಲ.

ಮೈಮೇಲೆ ಅನೇಕ ಗಂಟುಗಳೂ ಹಾಲು ಬೆರೆತ ಕಾಫಿ ಬಣ್ಣದ ಮಚ್ಚೆಗಳೂ ಇದ್ದರೆ ಅದು ನ್ಯೂರೋಫೈಬ್ರೊಮ್ಯಾಟೋಸಿಸ್ ಇರಬಹುದು. ಸುಮಾರು 3,000 ಜನರಲ್ಲಿ ಒಬ್ಬರಿಗೆ ಇದು ಬರುತ್ತದೆ. 17ನೆಯ ವರ್ಣತಂತುವಿನ ಒಂದು ವಂಶವಾಹಿಯ ದೋಷವೇ ಕಾರಣ. ಅರ್ಧದಷ್ಟು ಮಂದಿಯಲ್ಲಿ ಈ ದೋಷ ಹೆತ್ತವರಿಂದ ಬಂದದ್ದಲ್ಲ, ಹೊಸದಾಗಿ ಉಂಟಾದದ್ದು. ಇದು ಶಾಪವಲ್ಲ, ತಾಯಿಯ ತಪ್ಪಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಆದರೆ ರೋಗಿಯ ಪ್ರತಿ ಮಗುವಿಗೂ ಶೇಕಡ 50ರಷ್ಟು ಸಾಧ್ಯತೆ ಇರುವುದರಿಂದ ಮದುವೆಗೆ ಮುಂಚೆ ವೈದ್ಯರ ಸಲಹೆ ಒಳ್ಳೆಯದು.

ಗಂಟು ಬೇಗನೆ ದೊಡ್ಡದಾದರೆ, ನೋವು ಹೆಚ್ಚಿದರೆ, ಕೈಕಾಲು ಸೋತರೆ ತಡಮಾಡಬೇಡಿ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗುವುದುಂಟು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೋ ಬಾಪೂಜಿ ಆಸ್ಪತ್ರೆಯಲ್ಲೋ ತೋರಿಸಿ. ಹರಕೆಯೂ ಇರಲಿ, ವೈದ್ಯರೂ ಇರಲಿ.

2013ರ ನವೆಂಬರ್ 6ರಂದು ಸಂತ ಪೇತ್ರರ ಚೌಕದಲ್ಲಿ ಜಗದ್ಗುರು ಫ್ರಾನ್ಸಿಸರು ಇದೇ ಕಾಯಿಲೆಯ ವಿನಿಚಿಯೊ ರೀವಾ ಅವರನ್ನು ಅಪ್ಪಿಕೊಂಡು ಮುತ್ತಿಟ್ಟರು. ನಾವು ಅಷ್ಟು ಮಾಡಲಾಗದಿದ್ದರೂ, ದೇವಾಲಯದ ಬೆಂಚಿನಲ್ಲಿ ಪಕ್ಕಕ್ಕೆ ಜಾಗ ಕೊಡಬಲ್ಲೆವಲ್ಲವೇ?